ಹಿತ್ತಲಿಗೆ ಬರುವ ಬೀಗರು

ಇಂಡಿಯಲ್ಲಿ ಯಾರಾದರೂ ‘ಹಕ್ಕಿ ನೋಡ್ಲಿಕ್ಕೆ ಹೊಂಟೀನಿ’ ಅಂದರೆ ಮನೆಮಂದಿ ಮೊದಲು ಅವನ ಮುಖ ನೋಡುತ್ತಾರೆ. ನಮ್ಮ ಕಡೆ ಹಕ್ಕಿ ಕಾಯುವುದುಂಟು, ಓಡಿಸುವುದುಂಟು; ನೋಡುವುದೆಂಬ ಕೆಲಸವಿಲ್ಲ. ನೋಡಲೇಬೇಕೆಂಬ ಹುಚ್ಚಿನವರು ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಆಲಮಟ್ಟಿ ಹಿನ್ನೀರಿಗೆ ರಾಜಹಂಸ ಹುಡುಕಿಕೊಂಡು ಹೋಗುತ್ತಾರೆ. ನನ್ನ ಹುಚ್ಚು ಅಷ್ಟು ದೂರದ್ದಲ್ಲ. ಹಿತ್ತಲ ಬಾಗಿಲು ತೆಗೆದು ಚಹಾ ಹಿಡಿದು ಕೂತರೆ ಮುಗಿಯಿತು. ನೌಕರಿಯ ದೆಸೆಯಿಂದ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಿರುಗಿ ಇಂಡಿಗೆ ಬಂದು ನಿಂತವನು ನಾನು. ಬಾಡಿಗೆ ಮನೆ ನೋಡಲು ಹೋದಲ್ಲೆಲ್ಲ ಹೆಂಡತಿ ‘ನಳ ಎಷ್ಟ ದಿನಕ್ಕೊಮ್ಮೆ ಬರ್ತದ್ರೀ?’ ಅಂತ ಕೇಳಿದರೆ, ನಾನು ‘ಹಿಂದ ಯಾವ ಗಿಡ ಅದಾವ್ರೀ?’ ಅಂತ ಕೇಳುತ್ತಿದ್ದೆ.

ಹಿತ್ತಲಿನ ಕಾಯಂ ನಿವಾಸಿಗಳು ಇಬ್ಬರು. ಗೊರವಂಕ ಕುಪ್ಪಳಿಸುವುದಕ್ಕಿಂತ ನಡೆಯುವುದೇ ಹೆಚ್ಚು; ಕಣ್ಣಿನ ಪಕ್ಕ ಹಳದಿ ಪಟ್ಟಿ, ನಡಿಗೆಯಲ್ಲಿ ಗೌಡಕಿ. ಅವ್ವ ಚೆಲ್ಲಿದ ರೊಟ್ಟಿ ಚೂರಿಗೆ ಕಾಗೆಗಿಂತ ಮೊದಲು ಅದೇ ಹಾಜರು. ಕರಿತಲೆ ಕಬ್ಬಕ್ಕಿ ಸಂಕೋಚದ್ದು. ಗೋಧಿಗೆಂಪು ಎದೆ, ನೆತ್ತಿಯಿಂದ ಹಿಂದಕ್ಕೆ ಇಳಿಬಿದ್ದ ಕರಿ ಜುಟ್ಟು, ಬುಡದಲ್ಲಿ ನೀಲಿ ತುದಿಯಲ್ಲಿ ಹಳದಿ ಕೊಕ್ಕು. ಇವೆರಡೂ ವರ್ಷವಿಡೀ ಇಲ್ಲಿಯವೇ.

ನಾನು ಕಾಯುವುದು ಬೀಗರನ್ನು, ಅಂದರೆ ಗುಲಾಬಿ ಕಬ್ಬಕ್ಕಿಗಳನ್ನು. ಕಜಾಕಿಸ್ತಾನದ ಕಡೆಯ ಹುಲ್ಲುಗಾವಲುಗಳಲ್ಲಿ ಮೇ–ಜೂನ್ ಹೊತ್ತಿಗೆ ಮರಿಮಾಡಿ, ಶ್ರಾವಣ ಕಳೆಯುವುದರೊಳಗೆ ಮೊದಲ ತಂಡಗಳು ದಖನ್ನಿಗೆ ಇಳಿಯುತ್ತವೆ. ಏಪ್ರಿಲ್ ಮುಗಿಯುವಷ್ಟರಲ್ಲಿ ಎದ್ದು ಹೋಗುತ್ತವೆ. ಹೇಳಿ ಬರುವುದಿಲ್ಲ, ಒಬ್ಬೊಬ್ಬರಾಗಿ ಬರುವುದಿಲ್ಲ, ಬಂದ ಮೇಲೆ ಸುಮ್ಮನಿರುವುದಿಲ್ಲ. ಬೇವಿನ ಗಿಡದ ತುಂಬ ಕಚಪಿಚ ಕಚಪಿಚ. ಅವ್ವ ‘ಸಂತಿ ಕೂಡಿತು ನೋಡು’ ಅನ್ನುತ್ತಾಳೆ.

ಬಂದ ಹೊಸದರಲ್ಲಿ ನೋಡಿದರೆ ಗುಲಾಬಿ ಎಂಬ ಹೆಸರು ಯಾಕೆ ಬಂತೋ ಅನಿಸುತ್ತದೆ. ಮರಿಗಳು ಮಣ್ಣಿನ ಬಣ್ಣದವು. ದೊಡ್ಡವೂ ಮಾಸಿದ ಅಂಗಿ ತೊಟ್ಟಂತೆ ಧೂಳುಧೂಳು. ನೋಡುವ ರುಚಿ ಇರುವುದು ಇಲ್ಲಿಂದ ಮುಂದೆ. ಹೊಸ ಗರಿಯ ಅಂಚಿಗೆ ಮಂಕು ಕಂದು ಬಣ್ಣ. ಕೆಳಗಿನ ಗುಲಾಬಿಯನ್ನು ಅದೇ ಮುಚ್ಚಿರುತ್ತದೆ. ಚಳಿಗಾಲವಿಡೀ ಗಾಳಿಗೆ, ಕೊಂಬೆಗೆ ತಿಕ್ಕಿ ತಿಕ್ಕಿ ಆ ಅಂಚು ಸವೆದು ಉದುರುತ್ತದೆ. ಹೋಳಿ ಹುಣ್ಣಿಮೆಯ ಹೊತ್ತಿಗೆ ಅದೇ ಹಕ್ಕಿಯ ಬೆನ್ನು, ಹೊಟ್ಟೆ ತಿಳಿಗುಲಾಬಿ. ತಲೆ, ರೆಕ್ಕೆ, ಬಾಲ ಮಿರಿಮಿರಿ ಕಪ್ಪು. ಕೊಕ್ಕಿಗೂ ಗುಲಾಬಿ ಛಾಯೆ. ಹೊಸ ಗರಿ ಮೂಡದೆಯೇ, ಹಳೆಯದು ಸವೆದೇ ಚೆಲುವಾಗುವ ಹಕ್ಕಿ ಇದು. ಹಾಗಾಗಿ ಒಮ್ಮೆ ಕಂಡು ‘ನೋಡಿದೆ’ ಎಂದು ಎದ್ದು ಹೋಗುವವರಿಗೆ ಇದು ದಕ್ಕುವುದಿಲ್ಲ. ತಿಂಗಳುಗಟ್ಟಲೆ ಅದೇ ಗಿಡ, ಅದೇ ಗುಂಪು ನೋಡಬೇಕು. ಇಷ್ಟೆಲ್ಲ ಸಿಂಗಾರ ನಮಗಾಗಿ ಅಲ್ಲ, ಮದುವೆ ಅಲ್ಲಿ ಕಜಾಕಿಸ್ತಾನದಲ್ಲಿ ಎಂಬ ಸಣ್ಣ ಹೊಟ್ಟೆಕಿಚ್ಚು ನನಗಿದೆ.

ಬಚ್ಚಲ ನೀರು ಹರಿದು ಹಸಿಯಾದ ಜಾಗ ಇನ್ನೊಂದು ಒಳ್ಳೆಯ ಆಸನ. ಕಬ್ಬಕ್ಕಿ ಕುಲದ ಬಹಳಷ್ಟು ಹಕ್ಕಿಗಳಿಗೆ ಒಂದು ವಿದ್ಯೆ ಬರುತ್ತದೆ: ಮುಚ್ಚಿದ ಕೊಕ್ಕನ್ನು ನೆಲಕ್ಕೆ ಚುಚ್ಚಿ, ಒಳಗೇ ಬಾಯಿ ತೆರೆಯುವುದು. ಮಣ್ಣು ಸೀಳಿ ಕಿಂಡಿಯಾಗುತ್ತದೆ, ಒಳಗಿನ ಹುಳು ಕಾಣುತ್ತದೆ. ಬಾಯಿ ತೆರೆಯಲು ಅವಕ್ಕೆ ಅಷ್ಟು ಬಲವಾದ ಸ್ನಾಯು. ಹೊಲದಲ್ಲಾದರೆ ಮಿಡತೆ ಹಿಡಿಯುವ ಗುಂಪು ಉರುಳುತ್ತ ಸಾಗುತ್ತದೆ. ಹಿಂದಿದ್ದವು ಹಾರಿ ಮುಂದಿನವುಗಳ ಮುಂದೆ ಇಳಿಯುತ್ತವೆ, ಆಮೇಲೆ ಅವುಗಳ ಸರದಿ.

ಇಂಡಿಯ ಲಿಂಬಿಕಾಯಿಗೆ 2023ರಲ್ಲಿ ಜಿಐ ಪಟ್ಟ ಸಿಕ್ಕಿತು. ನಮ್ಮ ಬೀಗರು ಅದನ್ನು ಮೂಸಿಯೂ ನೋಡುವುದಿಲ್ಲ. ಅವರ ಚಿತ್ತವೆಲ್ಲ ಜೋಳದ ಮೇಲೆ. ಎಳ್ಳ ಅಮವಾಸ್ಯೆಗೆ ಚರಗ ಚೆಲ್ಲಿ ಬಂದ ಮೇಲೆ ಹಾಲುದೆನೆ ಕಾಯುವುದೇ ರೈತರಿಗೆ ದೊಡ್ಡ ಕೆಲಸ. ಕವಣಿ, ಡಬ್ಬಿ ಬಡಿತ, ಈಗೀಗ ಮಿಂಚುವ ಪಟ್ಟಿ. ಸಿಂದಗಿಯಲ್ಲಿದ್ದಾಗ ಪಕ್ಕದ ಹೊಲದ ಕಾಕಾ ಸುಟ್ಟ ಎಳೆಜೋಳದ ಸೀತನಿ ತಿನ್ನಲು ಕರೆದು, ನನ್ನ ಕೈಯ ದುರ್ಬೀನು ನೋಡಿ ಅಂದಿದ್ದರು: ‘ಚೆಂದ ಅದಾವ ಅಂತೀರಲ್ಲ ಸರ, ನಮ್ಮ ತೆನಿ ಮ್ಯಾಲ ಕುಂತಾಗ ನೋಡ್ರಿ ಅವುಗಳ ಚೆಂದ!’ ಮಾತು ಸುಳ್ಳಲ್ಲ. ಆದರೆ ಈ ಕಳ್ಳನಿಗೆ ಬೇರೆ ಊರಲ್ಲಿ ಬೇರೆ ಹೆಸರು. ಚೀನಾದ ಷಿನ್‌ಜಿಯಾಂಗ್‌ನಲ್ಲಿ ಮಿಡತೆ ಕಾಟ ತಡೆಯಲೆಂದೇ ಕಲ್ಲುಗುಪ್ಪೆ ಒಟ್ಟಿ ಇವಕ್ಕೆ ಗೂಡಿನ ಜಾಗ ಮಾಡಿಕೊಡುತ್ತಾರೆ. ಅದನ್ನು ಹೇಳಿದೆ. ‘ಹಂಗಾರ ಅಲ್ಲೇ ಇಟ್ಕೊಳ್ಳಾಕ ಹೇಳ್ರಿ’ ಅಂದರು ಕಾಕಾ, ಬಿಸಿ ಸೀತನಿಯನ್ನು ಅಂಗೈಗೆ ಹಾಕುತ್ತ.

ಹೊತ್ತು ಮುಳುಗುವಾಗ ಜಾಲಿಕಂಟಿಗೆ ಮಲಗಲು ಬರುವ ಮೊದಲು ಆಕಾಶದಲ್ಲಿ ಒಂದು ಸುತ್ತು ಇದೆಯಲ್ಲ, ಅದಕ್ಕೆ ಕಾಕಾ ಕೂಡ ತಲೆ ಎತ್ತುತ್ತಿದ್ದರು. ಸಾವಿರಾರು ಹಕ್ಕಿ ಒಮ್ಮೆಲೇ ಹೊರಳುತ್ತವೆ. ಒಂದಕ್ಕೊಂದು ತಾಗುವುದಿಲ್ಲ, ಮುಂದಾಳು ಯಾರೂ ಇಲ್ಲ. 2021ರಲ್ಲಿ ನೊಬೆಲ್ ಪಡೆದ ಭೌತವಿಜ್ಞಾನಿ ಜಾರ್ಜಿಯೊ ಪಾರಿಸಿ ಮತ್ತು ಸಂಗಡಿಗರು ರೋಮಿನಲ್ಲಿ ಇದರ ಸೋದರ ಹಕ್ಕಿಯ ಹಿಂಡುಗಳ ಚಿತ್ರ ತೆಗೆದು ಲೆಕ್ಕ ಹಾಕಿದ್ದರು. ಪ್ರತಿ ಹಕ್ಕಿ ಇಡೀ ಹಿಂಡನ್ನು ಗಮನಿಸುವುದಿಲ್ಲ. ಹತ್ತಿರದ ಆರೇಳು ನೆರೆಹೊರೆಯವರ ಮೇಲೆ ಕಣ್ಣಿಟ್ಟರೆ ಸಾಕಂತೆ. ಓಣಿಯ ಬದುಕು ಬಲ್ಲ ನಮಗೆ ಇದು ತೀರ ಹೊಸ ವಿಷಯವೇನಲ್ಲ.

ಕಾಡಿಲ್ಲ, ಗುಡ್ಡವಿಲ್ಲ, ಏನಿದೆ ನಿಮ್ಮಲ್ಲಿ ಎಂದು ಮಲೆನಾಡಿನ ಗೆಳೆಯರು ಕೇಳುತ್ತಾರೆ. ಈ ಹಕ್ಕಿ ಬರುವುದೇ ನಮ್ಮಲ್ಲಿ ಅದೆಲ್ಲ ಇಲ್ಲವೆಂದು. ಅದರ ತವರೂ ಬೋಳು ಬಯಲೇ. ಎರಿ ಹೊಲ, ಜಾಲಿಕಂಟಿ, ಕಣ್ಣು ಹಾಯುವಷ್ಟು ಬಯಲು ಕಂಡರೆ ಅದಕ್ಕೆ ಮನೆಗೆ ಬಂದಂತೆ. ಡೋಣಿ ಹರಿದರೆ ಓಣೆಲ್ಲ ಜೋಳ ಎಂಬ ಗಾದೆ ಆ ಹೊಳೆಯ ಸೀಮೆಯ ತಾಳಿಕೋಟೆ, ಮುದ್ದೇಬಿಹಾಳದ ಕಡೆ ಎಲ್ಲರ ಬಾಯಲ್ಲಿದೆ. ಓಣೆಲ್ಲ ಜೋಳವಾದ ವರ್ಷ ಹಿತ್ತಲೆಲ್ಲ ಹಕ್ಕಿ ಎಂದು ನಾನು ಸೇರಿಸಿಕೊಂಡಿದ್ದೇನೆ. ಕಾಲುವೆ ನೀರು ಬಂದ ಕಡೆ ಈಗ ಕಬ್ಬು ಎದ್ದಿದೆ. ಬರ ಉಂಡ ನಾಡಿಗೆ ನೀರು ಬೇಡವೆನ್ನಲು ನಾನ್ಯಾರು? ಬದುವಿನಾಚೆ ನಾಲ್ಕೆಕರೆ ಬಿಳಿಜೋಳ ಉಳಿದರೆ ಸಾಕು. ನಮಗೆ ರೊಟ್ಟಿಯೂ ಉಳಿಯುತ್ತದೆ, ಕಾಕಾನಂಥವರಿಗೆ ಬೈಯಲು ಹಕ್ಕಿಯೂ ಉಳಿಯುತ್ತದೆ.