ಹಳ್ಳದ ಮಡುವಿನ ಗೆಂಡೆ ಮೀನು



ಗೆಂಡೆ ಮೀನಿಗೆ ಹೊರಗೆ ಕಿವಿ ಕಾಣುವುದಿಲ್ಲ. ಆದರೂ ಅದು ಚೆನ್ನಾಗಿ ಕೇಳಬಲ್ಲದು. ನೀರಿನ ಕಂಪನಕ್ಕೆ ಅದರ ಒಡಲಿನ ಗಾಳಿಚೀಲ ಮಿಡಿಯುತ್ತದೆ. ಆ ಮಿಡಿತವನ್ನು ಪುಟ್ಟ ಎಲುಬುಗಳ ಸಾಲೊಂದು ಒಳಗಿವಿಗೆ ಮುಟ್ಟಿಸುತ್ತದೆ. 1820ರಲ್ಲಿ ಇವನ್ನು ವಿವರಿಸಿದ ಜರ್ಮನಿಯ ವಿಜ್ಞಾನಿ ವೆಬರ್ ಅವರ ಹೆಸರಿನಿಂದಲೇ ಈ ಎಲುಬುಗಳನ್ನು ಕರೆಯುತ್ತಾರೆ. ನಾನಿದನ್ನು ಓದಿ ತಿಳಿದದ್ದು ಬಿ.ಎಡ್. ಮುಗಿಸಿ ವಿಜ್ಞಾನ ಪಾಠ ಹೇಳತೊಡಗಿದ ಮೇಲೆ. ಶಾಲೆಯ ಮೆಟ್ಟಿಲು ಹತ್ತದ ನಮ್ಮ ಅಪ್ಪಯ್ಯನಿಗೆ ಮೊದಲೇ ಗೊತ್ತಿತ್ತು.

ತೀರ್ಥಹಳ್ಳಿ ಸೀಮೆಯಲ್ಲಿ ತುಂಗೆಯನ್ನು ಸೇರುವ ಸಣ್ಣ ಹಳ್ಳವೊಂದು ನಮ್ಮ ಗದ್ದೆಯಂಚಿನಲ್ಲಿ ಹರಿಯುತ್ತಿತ್ತು. ಮಳೆಗಾಲದಲ್ಲಿ ಊರ ಕೆರೆ ಕೋಡಿ ಬಿದ್ದಾಗ ಅಲ್ಲಿ ಬಿಟ್ಟಿದ್ದ ಗೆಂಡೆ ಮರಿಗಳು ಹಳ್ಳಕ್ಕೆ ಇಳಿಯುತ್ತಿದ್ದವು. ಬೇಸಗೆಯಲ್ಲಿ ಹರಿವು ನಿಂತು, ನೀರು ಮಡುಗಳಲ್ಲಷ್ಟೇ ಉಳಿದಾಗ, ಅಪ್ಪಯ್ಯ ಸಂಜೆಯ ಧಗೆಯಲ್ಲಿ ಗಾಳ ಹಿಡಿದು ಹೊರಡುತ್ತಿದ್ದರು. ಬಿದಿರಿನ ಕೋಲು, ಬೆಂಡಿನ ತುಂಡು, ತೆಂಗಿನ ಚಿಪ್ಪಿನಲ್ಲಿ ಎರೆಹುಳ, ಇಷ್ಟೇ ಸಲಕರಣೆ. ಗೆಂಡೆ ತಳವನ್ನು ಕೆದಕಿ ತಿನ್ನುವ ಮೀನು. ಬಾಯಿಯ ಪಕ್ಕದ ಎರಡು ಜೊತೆ ಮೀಸೆಗಳಿಂದ ಕೆಸರನ್ನು ತಡವಿ ರುಚಿ ನೋಡುತ್ತದೆ. ಎಲ್ಲಿ ನೀರು ಕದಡಿ ಗುಳ್ಳೆ ಏಳುತ್ತದೋ ಅಲ್ಲಿ ಗಾಳ ಇಳಿಸಬೇಕು. ಕಾಲು ಅಪ್ಪಳಿಸಕೂಡದು, ಮಾತಾಡಲೇಬೇಕೆಂದರೆ ಪಿಸುದನಿಯಲ್ಲಿ.

1975ರ ಏಪ್ರಿಲ್. ನನ್ನ ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿದಿತ್ತು. ಇನ್ನು ಗದ್ದೆಗೇ ಇಳಿಯಬೇಕೆಂದು ಮನಸ್ಸನ್ನು ಒಪ್ಪಿಸಿಕೊಂಡಿದ್ದೆ. ಅಂದು ಮಡುವಿನ ಬಳಿ ಕುಳಿತಾಗ, ಬೆಂಡಿನ ಮೇಲಿನ ಕಣ್ಣು ತೆಗೆಯದೆ ಅಪ್ಪಯ್ಯ ಮೆಲ್ಲಗೆ ಹೇಳಿದರು: “ನೀ ಶಿವಮೊಗ್ಗಕ್ಕೆ ಓದಕ್ಕೆ ಹೋಗು. ಎತ್ತಿನ ಜೋಡಿಗೆ ಗಿರಾಕಿ ಬಂದಾನೆ.”

ನನಗೆ ಉಸಿರು ಕಟ್ಟಿತು. “ಎತ್ತು ಮಾರಿದ್ರೆ ಗದ್ದೆ ಹೂಡೋದು ಹೆಂಗೆ ಅಪ್ಪಯ್ಯ?”

“ಮುಯ್ಯಾಳಿನ ಮೇಲೆ ಆಗ್ತದೆ. ನೀ ಬೆಂಡು ನೋಡು.”

ಬೆಂಡು ಎರಡು ಸಲ ನಡುಗಿ ಓರೆಯಾಗಿ ಸರಿದು ಮುಳುಗಿತು. ಸುಮಾರು ಒಂದು ಸೇರು ತೂಗುವ ಗೆಂಡೆ. ಕಂತುವ ಬಿಸಿಲಿನಲ್ಲಿ ಅದರ ಹುರುಪೆ ಹಿತ್ತಾಳೆಯಂತೆ ಹೊಳೆಯಿತು. ಅವ್ವ ರಾತ್ರಿ ಹುಳಿ ಹಾಕಿ ಸಾರು ಮಾಡಿದರು. ಎತ್ತಿನ ಮಾತು ಮನೆಯಲ್ಲಿ ಮತ್ತೆ ಬರಲಿಲ್ಲ. ಆ ವರ್ಷ ಅಪ್ಪಯ್ಯ ಹೂಟಿಯ ದಿನಗಳಿಗೆ ಬದಲಾಗಿ ಪರರ ಗದ್ದೆಗಳಲ್ಲಿ ದುಡಿದು ಋಣ ತೀರಿಸಿದರೆಂದು ನನಗೆ ತಿಳಿದದ್ದು ದಸರಾ ರಜೆಗೆ ಊರಿಗೆ ಬಂದಾಗ, ಅವರ ಅಂಗೈಗಳನ್ನು ನೋಡಿ.

ಮಗನಿಗೆ ಉಪಕಾರದ ಭಾರ ತಿಳಿಯದಿರಲೆಂದೇ ಅಪ್ಪಯ್ಯ ಆ ಜಾಗವನ್ನು ಆರಿಸಿಕೊಂಡಿದ್ದರೆಂದು ಈಗ ಅನ್ನಿಸುತ್ತದೆ. ಮೀನು ಬೆದರುವ ನೆಪದಲ್ಲಿ ಅಲ್ಲಿ ಹೆಚ್ಚು ಮಾತಿಗೆ ಎಡೆಯಿರಲಿಲ್ಲ, ಅಳುವುದಕ್ಕೂ ಇರಲಿಲ್ಲ.

ತರಗತಿಯಲ್ಲಿ ನನ್ನದು ದೊಡ್ಡ ಗಂಟಲೆಂದು ನೀವೆಲ್ಲ ನಗುತ್ತಿದ್ದಿರಿ. ಆದರೆ ಹಣವಿಲ್ಲದೆ ಶಾಲೆ ಬಿಡಲು ಹೊರಟವರನ್ನು ಕರೆದು ಮಾತಾಡಿಸುವಾಗ, ಪಕ್ಕದವರಿಗೂ ಕೇಳದಷ್ಟು ದನಿ ತಗ್ಗಿಸುತ್ತಿದ್ದೆ. ನಿಮ್ಮಲ್ಲಿ ಕೆಲವರಿಗೆ ಅದು ನೆನಪಿರಬಹುದು. ಆ ದನಿ ನನ್ನದಲ್ಲ, ಅಪ್ಪಯ್ಯನದು.