ಬಾಶೆಟ್ಟಿಹಳ್ಳಿ ದಾರಿಯಲ್ಲಿ ಕಾಣದ ಕಿಡಿ

ಘಾಟಿ ಸುಬ್ರಹ್ಮಣ್ಯಕ್ಕೆ ಹೊರಟವರು ಯಲಹಂಕ, ರಾಜಾನುಕುಂಟೆ ದಾಟಿದ ಮೇಲೆ ಬಸ್ಸಿನ ಕಿಟಕಿಯಿಂದಲೇ ನೋಡಿ ಮುಂದೆ ಸಾಗುವ ಊರು ಬಾಶೆಟ್ಟಿಹಳ್ಳಿ. ಇಲ್ಲಿ ಕೈಗಾರಿಕಾ ಪ್ರದೇಶ. ಮುಂದೆ ದೊಡ್ಡಬಳ್ಳಾಪುರದ ಮಗ್ಗಗಳು. ನೂಲಿಗೂ ಯಂತ್ರಕ್ಕೂ ಕಣ್ಣಿಗೆ ಕಾಣದ ಒಬ್ಬನೇ ಶತ್ರು: ಸ್ಥಾಯೀ ವಿದ್ಯುತ್.

ಒಣಹವೆಯಲ್ಲಿ ಪಾಲಿಯೆಸ್ಟರ್ ನೂಲು ಉಜ್ಜಿದಷ್ಟೂ ವಿದ್ಯುದಾವೇಶ ಕೂಡುತ್ತದೆ. ಪ್ಲಾಸ್ಟಿಕ್ಕಿನ ಗುಣವೂ ಅದೇ, ಆವೇಶವನ್ನು ಹರಿಯಗೊಡದು. ಸುಮಾರು 3,000 ವೋಲ್ಟ್ ಆಗುವವರೆಗೆ ನಮ್ಮ ಬೆರಳಿಗೆ ಕಿಡಿ ತಿಳಿಯುವುದಿಲ್ಲ. ಸೂಕ್ಷ್ಮ ಚಿಪ್ಪು 100 ವೋಲ್ಟಿಗೇ ಕೆಟ್ಟೀತು. ದ್ರಾವಕದ ಆವಿ ತುಂಬಿದ ಕೋಣೆಯಲ್ಲಾದರೆ ಕೆಲಸಗಾರನ ಜೀವಕ್ಕೇ ಅಪಾಯ.

ಮದ್ದು ಸರಳ. ಪ್ಲಾಸ್ಟಿಕ್ಕಿಗೋ ಲೇಪನಕ್ಕೋ ಇಂಗಾಲದ ಮಸಿ ಬೆರೆಸುವುದು. ಚೂರು ಬೆರೆಸಿದರೆ ಫಲವಿಲ್ಲ. ಕಣಕ್ಕೆ ಕಣ ತಾಗುವಷ್ಟಾದಾಗ ವಿದ್ಯುತ್ತಿಗೆ ತಟ್ಟನೆ ದಾರಿ ತೆರೆಯುತ್ತದೆ. ಅತಿಯಾದರೆ ಪ್ಲಾಸ್ಟಿಕ್ ಪೆಡಸಾಗುತ್ತದೆ. ಚಿಪ್ಪಿನ ತಟ್ಟೆಗಳು ಸಾಮಾನ್ಯವಾಗಿ ಕಪ್ಪಗಿರುವುದು ಇದಕ್ಕೇ.

1977ರಲ್ಲಿ ಹೀಗರ್, ಮ್ಯಾಕ್‌ಡೈರ್ಮಿಡ್, ಶಿರಾಕಾವ ಬೇರೊಂದು ದಾರಿ ತೋರಿದರು. ಅಯೋಡಿನ್ ಸೋಕಿದ ಪಾಲಿಅಸಿಟಿಲೀನ್ ತಾನೇ ವಿದ್ಯುತ್ ವಾಹಕವಾಯಿತು. 2000ದಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಬಾಶೆಟ್ಟಿಹಳ್ಳಿಗೆ ದೂರವಲ್ಲದ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲೂ ಇಂಥ ಪಾಲಿಮರುಗಳ ಸಂಶೋಧನೆ ನಡೆದಿದೆ.

ಆದರೂ ಅಗ್ಗದ ಮಸಿಯ ಸ್ಥಾನ ಕದಲಿಲ್ಲ. ನೆನಪಿಡಬೇಕಾದ ಮಾತು ಒಂದೇ: ನೆಲಕ್ಕೆ ತಂತಿ ಜೋಡಿಸದಿದ್ದರೆ ಎಂಥ ಲೇಪನವೂ ವ್ಯರ್ಥ. ಸೇರಿದ ಆವೇಶ ಕೊನೆಗೆ ಮಣ್ಣಿಗೇ ಇಳಿಯಬೇಕು.