ಹಗೇವು, ಹಾರ್ಡ್ ಡಿಸ್ಕು ಮತ್ತು ಪಾಸ್‌ಬುಕ್ಕು

ಬಹಳ ದಿನಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. "ನಿನ್ನ ಕೆಲಸದ ಬಗ್ಗೆ ಬರೀ ಮಾರಾಯಾ" ಅಂತ ಒಂದಿಬ್ಬರು ಗೆಳೆಯರು ಹೇಳುತ್ತಲೇ ಇದ್ದರು, ನಾನು ಜಾರಿಕೊಳ್ಳುತ್ತಲೇ ಇದ್ದೆ. ಎಂಟರ್‌ಪ್ರೈಸ್ ಸ್ಟೋರೇಜ್ ಅಂದ ಕೂಡಲೇ ಓದುವವರು ಓಡಿಹೋಗುತ್ತಾರೆ ಅನ್ನೋ ಭಯ :) ಆದರೆ ನಮ್ಮ ಅನಂತಪುರದಲ್ಲಿ (ಅಥಣಿ ತಾಲೂಕಿನದು, ಆಂಧ್ರದ್ದಲ್ಲ!) ಇದನ್ನು ಹೇಳಿ ಹೇಳಿ ಈಗ ಸ್ವಲ್ಪ ರೂಢಿಯಾಗಿದೆ.

"ಸ್ಟೋರೇಜ್ ಅಂದ್ರ ಗೋಡಾವನ್ ಏನಪಾ ತಮ್ಮಾ? ಇಷ್ಟ ಕಲ್ತು ಗೋಡಾವನ್ ಕಾಯಾಕ ಹ್ವಾದ್ಯಾ?" ಅಂತ ಕೇಳಿದವರು ನಮ್ಮ ಕಾಕಾ. ಕೇಳಿದ್ದು ತಮಾಷೆಗೆ. ಆದರೆ ಅದಕ್ಕಿಂತ ಸರಿಯಾದ ವಿವರಣೆ ನನಗೂ ಗೊತ್ತಿಲ್ಲ.

ನಮ್ಮ ಕಡೆಯ ಹಗೇವು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ನೆಲದೊಳಗೆ ಗುಂಡಿ ತೋಡಿ, ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮಣ್ಣು ಮುಚ್ಚಿದರೆ ವರ್ಷಗಟ್ಟಲೆ ಇರುತ್ತದೆ. ಆದರೆ ಸಂಜೆ ರೊಟ್ಟಿಗೆ ಬೇಕು ಅಂತ ಯಾರೂ ಹಗೇವು ತೆಗೆಯುವುದಿಲ್ಲ. ತೆಗೆದ ಮೇಲೂ ಒಳಗಿನ ಗಾಳಿ ಕೆಟ್ಟಿದೆಯೋ ಏನೋ ಅಂತ ಮೊದಲು ಕಂದೀಲು ಇಳಿಬಿಟ್ಟು ನೋಡಬೇಕು. ದಿನದ ಜೋಳ ಅಡುಗೆಮನೆ ಡಬ್ಬಿಯಲ್ಲಿ, ತಿಂಗಳದ್ದು ಚೀಲದಲ್ಲಿ, ಬರಗಾಲದ್ದು ಹಗೇವಿನಲ್ಲಿ. ದೊಡ್ಡ ಕಂಪನಿಗಳ ಡೇಟಾ ಕೂಡ ಹಾಗೇ. ಈ ಕ್ಷಣಕ್ಕೆ ಬೇಕಾದ್ದು ಕ್ಯಾಶ್ ಮತ್ತು ಫ್ಲ್ಯಾಶ್ ಡ್ರೈವಿನಲ್ಲಿ, ಆಗಾಗ ಬೇಕಾದ್ದು ಡಿಸ್ಕಿನಲ್ಲಿ, ಹಳೆಯದ್ದು ಟೇಪಿನಲ್ಲಿ. ಟೇಪ್ ಈಗಲೂ ಇದೆ ಅಂದರೆ ಕೆಲವರು ನಂಬೋದಿಲ್ಲ, ಇದೆ ಸ್ವಾಮಿ!

ಆಮೇಲೆ ರೇಡ್. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಜ್ ಎಂಬ ಮೂವರು ಬರೆದ ಒಂದು ಲೇಖನದಿಂದ ಈ ಹೆಸರು ಬಂತು. ಒಂದು ದುಬಾರಿ ದೊಡ್ಡ ಡಿಸ್ಕಿನ ಬದಲು ಹಲವಾರು ಅಗ್ಗದ ಡಿಸ್ಕುಗಳನ್ನು ಸೇರಿಸಿ, ಒಂದು ಕೆಟ್ಟರೂ ಕೆಲಸ ನಿಲ್ಲದ ಹಾಗೆ ಮಾಡೋದು. ಕಾಕಾಗೆ ಕಬ್ಬಿನ ಲೆಕ್ಕದಲ್ಲಿ ಹೇಳಿದೆ. ಮೂರು ಹೊಲದ ಕಬ್ಬು 40, 35, 25 ಟನ್. ಮೂರು ಚೀಟಿ, ಜೊತೆಗೆ ಒಟ್ಟು 100 ಅಂತ ಬರೆದ ನಾಲ್ಕನೇ ಚೀಟಿ. ಯಾವುದೇ ಒಂದು ಚೀಟಿ ಕಳೆದರೂ ಉಳಿದವುಗಳಿಂದ ಲೆಕ್ಕ ಹಾಕಿ ತೆಗೆಯಬಹುದು. ಡಿಸ್ಕಿನಲ್ಲಿ ಆ ನಾಲ್ಕನೇ ಚೀಟಿಗೆ ಪ್ಯಾರಿಟಿ ಅಂತಾರೆ.

"ಎರಡ ಚೀಟಿ ಹ್ವಾದ್ರ?"

ಹೋದಂಗ. ರೇಡ್ 5ರ ಮಿತಿಯೇ ಅದು. ಎರಡು ಹೋದರೂ ತಡೆಯಲಿ ಅಂತ ರೇಡ್ 6 ಬಂತು. ಆದರೆ 40ರ ಜಾಗದಲ್ಲಿ ಯಾರೋ 14 ಅಂತ ಬರೆದರೆ ರೇಡ್ ಆ 14ನ್ನೇ ಜೋಪಾನವಾಗಿ ಕಾಯುತ್ತದೆ. ಇದು ಎಷ್ಟೋ ಮ್ಯಾನೇಜರುಗಳಿಗೆ ಇನ್ನೂ ತಲೆಗೆ ಹೋಗಿಲ್ಲ.

ನ್ಯಾಸ್, ಸ್ಯಾನ್ ವ್ಯತ್ಯಾಸವೂ ಊರಲ್ಲೇ ಸಿಕ್ಕಿತು. ತಲಾಟಿ ಹತ್ತಿರ ಹೋಗಿ "ಇಂಥವರ ಉತಾರ ಕೊಡ್ರಿ" ಅಂದರೆ ಮೊದಲು ಅವರೇ ಹುಡುಕಿ ಕೊಡುತ್ತಿದ್ದರು, ಅದು ನ್ಯಾಸ್. ಫೈಲಿನ ಹೆಸರು ಹೇಳಿದರೆ ಸಾಕು. ಸ್ಯಾನ್‌ನಲ್ಲಿ ಇಂಥ ಕಪಾಟು, ಇಂಥ ಖಾನೆ, ಇಷ್ಟನೇ ಹಾಳೆ ಅಂತ ನೀವೇ ಹೇಳಬೇಕು. ಅಲ್ಲಿ ಏನಿದೆ ಅನ್ನೋದು ಕಪಾಟಿಗೆ ಗೊತ್ತಿರೋದಿಲ್ಲ. ಡೇಟಾಬೇಸುಗಳಿಗೆ ಇದೇ ಇಷ್ಟ.

ಉತಾರ ಅಂದೆನಲ್ಲ, ದಕ್ಷಿಣದವರ ಪಹಣಿ. ಇದರ ಕಥೆಯೇ ಒಂದು ಸ್ಟೋರೇಜ್ ಪಾಠ. ಮೊದಲು ಅದು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿತ್ತು. ಭೂಮಿ ಯೋಜನೆಯಲ್ಲಿ 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಬಂದವು. ಆಗ ಒಂದೊಂದು ತಾಲೂಕು ಕಚೇರಿಯಲ್ಲೂ ಒಂದೊಂದು ಸರ್ವರ್. ಆಮೇಲೆ ಎಲ್ಲವೂ ಬೆಂಗಳೂರಿನ ಡೇಟಾ ಸೆಂಟರಿಗೆ ಹೋದವು. ಕಾಯುವ ಜಾಗ ಒಂದೇ ಆಯಿತು, ಅದು ಒಳ್ಳೆಯದೇ. ನಮ್ಮೂರಿಂದ ಅಲ್ಲಿಗೆ ಸುಮಾರು 600 ಕಿ.ಮೀ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ 2 ಲಕ್ಷ ಕಿ.ಮೀ. ಓಡುತ್ತದೆ, ಹಾಗಾಗಿ ಹೋಗಿ ಬರಲು 6 ಮಿಲಿಸೆಕೆಂಡು ಸಾಕು. ತೊಂದರೆ ಇರೋದು ಬೇರೆ ಕಡೆ. ಡೇಟಾ ಸೆಂಟರಿನ ಒಳಗೆ ಒಂದೊಂದು ಸರ್ವರಿಗೂ ಎರಡು ಕೇಬಲ್, ಎರಡು ಸ್ವಿಚ್, ಎರಡು ದಾರಿ ಇಡುತ್ತೇವೆ. ಹಳ್ಳಿಗೆ ಬರುವ ಕೊನೆಯ ನಾಲ್ಕು ಕಿಲೋಮೀಟರಿಗೆ ಎಷ್ಟೋ ಕಡೆ ಒಂದೇ ಎಳೆ. ರಸ್ತೆ ಅಗಲ ಮಾಡುವಾಗ ಜೆಸಿಬಿ ಒಂದು ಸಲ ಕೈ ಹಾಕಿತೋ, ಮುಗೀತು.

ಲೈನು ಕಟ್ಟಾದರೆ ಕಾಯಬಹುದು. ಡೇಟಾನೇ ಹೋದರೆ?

ನಮ್ಮೂರಿಗೆ ಹೊಳೆ ದೂರ. ಆದರೆ ಅಕ್ಕನನ್ನು ಕೊಟ್ಟ ಊರು ಕೃಷ್ಣಾ ದಂಡೆಯಲ್ಲೇ ಇದೆ. 2019ರ ಆಗಸ್ಟಿನಲ್ಲಿ ಹೊಳೆ ಬಂದಾಗ ಅಲ್ಲಿಯ ಒಂದು ಸಣ್ಣ ಸೊಸೈಟಿಯೊಳಗೆ ಎದೆಮಟ್ಟ ನೀರು. ಕಂಪ್ಯೂಟರಿನಲ್ಲಿ ಎರಡು ಡಿಸ್ಕು ಮಿರರ್ ಆಗಿದ್ದವು. ಬ್ಯಾಕಪ್ ಡಿಸ್ಕು ಅದೇ ಕೋಣೆಯ ತಿಜೂರಿಯಲ್ಲಿತ್ತು. ಮೂರೂ ಒಟ್ಟಿಗೇ ಮುಳುಗಿದವು. ಅಕ್ಕನ ಗಂಡ, ನಮ್ಮ ಮಾಮಾ, ಕಮಿಟಿಯಲ್ಲಿದ್ದರು. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ "ಮಂದೀ ರೊಕ್ಕದ್ದು ಏನ್ ಹೇಳ್ಲ್ಯೋ?" ಅಂದಾಗ ಅವರ ದನಿ ನಡುಗುತ್ತಿತ್ತು.

ಲೆಕ್ಕ ಉಳಿದದ್ದು ಹೇಗೆ ಗೊತ್ತಾ? ಮಾರ್ಚ್ 31ರವರೆಗಿನ ಆಡಿಟ್ ಆದ ಖಾತೆಗಳ ಪಟ್ಟಿಯ ಒಂದು ಪ್ರತಿ ಬೇರೆ ಊರಿನ ಆಡಿಟರ್ ಹತ್ತಿರ ಇತ್ತು. ಅಲ್ಲಿಂದ ಮುಂದಿನ ನಾಲ್ಕು ತಿಂಗಳದ್ದು ಸದಸ್ಯರ ಪಾಸ್‌ಬುಕ್ಕಿನಲ್ಲಿ, ಪಾವತಿಗಳಲ್ಲಿ. ಗಂಜಿ ಕೇಂದ್ರಕ್ಕೆ ಹೋಗುವಾಗ ಹೆಣ್ಣುಮಕ್ಕಳು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಪಾಸ್‌ಬುಕ್ಕನ್ನೂ ಸುತ್ತಿಕೊಂಡು ಹೋಗಿದ್ದರು. ಮೊದಲು ಪೂರ್ತಿ ಬ್ಯಾಕಪ್ ಹಾಕಿ, ಅದರ ಮೇಲೆ ಲಾಗ್ ಓಡಿಸೋದು ಅಂತ ನಾವು ಯಾವುದಕ್ಕೆ ಹೇಳುತ್ತೇವೋ, ಅದನ್ನೇ ಆ ಊರಿನವರು ಟೇಬಲ್ ಹಾಕಿಕೊಂಡು ಕೈಯಿಂದ ಮಾಡಿದರು. ಒಬ್ಬ ಆಯಿಯ ಪಾಸ್‌ಬುಕ್ಕು ಮನೆಯ ಗೋಡೆ ಜೊತೆಗೇ ಹೋಗಿತ್ತು. ದಿನಕ್ಕೆ ಇಪ್ಪತ್ತು ರೂಪಾಯಿ ಪಿಗ್ಮಿ ಕಟ್ಟುತ್ತಿದ್ದಳು. ಪಿಗ್ಮಿ ಏಜೆಂಟನ ಡೈರಿಯಲ್ಲಿ ಆಕೆಯ ಒಂದೊಂದು ದಿನವೂ ಸಿಕ್ಕಿತು.

ಎಷ್ಟು ಹೊತ್ತಿನ ಲೆಕ್ಕ ಕಳೆದರೆ ತಡೆದುಕೊಳ್ಳಬಹುದು ಅನ್ನೋದಕ್ಕೆ ಆರ್‌ಪಿಒ, ಮತ್ತೆ ಶುರುವಾಗಲು ಎಷ್ಟು ಹೊತ್ತು ತಡೆಯಬಹುದು ಅನ್ನೋದಕ್ಕೆ ಆರ್‌ಟಿಒ ಅಂತ ನಮ್ಮ ಭಾಷೆ (ಲೈಸನ್ಸ್ ಕೊಡೋ ಆರ್‌ಟಿಒ ಅಲ್ಲ). ಸೊಸೈಟಿ ಬಾಗಿಲು ತೆರೆಯಲು ಏಳು ವಾರ ಹಿಡಿಯಿತು.

ಈಗ ಪ್ರತಿ ಸಂಜೆ ಒಂದು ಪ್ರತಿ ನೆಟ್‌ವರ್ಕ್ ಮೇಲೆ ಬೇರೆ ಊರಿಗೆ ಹೋಗುತ್ತದೆ, ವಾರಕ್ಕೊಂದು ಡಿಸ್ಕು ಮಾಮಾನ ಬೈಕಿನಲ್ಲಿ ಅನಂತಪುರಕ್ಕೆ ಬರುತ್ತದೆ. "ತಗದು ನೋಡೀರೇನು?" ಅಂತ ಕೇಳಿದೆ. ಯಾರೂ ನೋಡಿರಲಿಲ್ಲ. ಹೋದ ದೀಪಾವಳಿ ರಜೆಯಲ್ಲಿ ಕಾಕಾನ ಪಡಸಾಲೆಯಲ್ಲಿ ಒಂದು ಹಳೆ ಕಂಪ್ಯೂಟರ್ ಇಟ್ಟು ಆ ಡಿಸ್ಕಿನಿಂದ ಎಲ್ಲವನ್ನೂ ಮತ್ತೆ ಎಬ್ಬಿಸಿದೆವು. ಮೂರು ತಾಸು ಹಿಡಿಯಿತು. ಮಾಮಾ ಮೊದಲು ತೆಗೆದು ನೋಡಿದ್ದು ಆ ಆಯಿಯ ಖಾತೆಯನ್ನು.